ಮುಂದಿನ ಎಡಗಾಲಿಯ ಸಪ್ಪಳ

ಪುಟ್ಟಿ, ಗುಂಡು, ಇದನ್ನು ನಿಮ್ಮಿಬ್ಬರಿಗೆ ಬರೆಯುತ್ತಿದ್ದೇನೆ. ದಿನಾ ಮುಂಜಾನೆ ನಿಮ್ಮವ್ವ ನಮ್ಮ ಬಿಳಿ ಕಾರು ಹೊಡೆದುಕೊಂಡು ಕೆಲಸಕ್ಕೆ ಹೋಗುವಾಗ ನೀವು ಬಾಗಿಲಲ್ಲಿ ನಿಂತು ಕೈ ಬೀಸುತ್ತೀರಿ. ಆ ಕಾರಿನ ಕೀಲಿ ಅವಳ ಕೈಬಿಟ್ಟು ಹೋಗುವ ಹೊತ್ತೊಂದು ಬಂದಿತ್ತು. ಆಗ ಗುಂಡು ಇನ್ನೂ ಅಂಬೆಗಾಲಿಡುತ್ತಿದ್ದ, ಪುಟ್ಟಿಗೂ ನೆನಪಿರಲಿಕ್ಕಿಲ್ಲ. ಬಾಯಿಬಿಟ್ಟು ಹೇಳೋಣವೆಂದರೆ ನಾಲ್ಕು ಮಂದಿ ಎದುರು ನನಗೆ ಮಾತು ಬರುವುದಿಲ್ಲ. ಊರ ಸಾಲಿಯಲ್ಲಿ ಏಳನೆಯದರವರೆಗೆ ಕಲಿತ ಅಕ್ಷರ ಇವು, ಸೊಟ್ಟಗಿದ್ದರೆ ನೀವೇ ಹೊಂದಿಸಿಕೊಂಡು ಓದಿರಿ.

ಆ ಕಾರು ನಿಮ್ಮ ಅಜ್ಜ ತಂದದ್ದು. ತಂದಾಗಲೇ ಅದು ಒಬ್ಬರ ಕೈ ದಾಟಿ ಬಂದಿತ್ತು. ಮನೆ ಮುಂದೆ ನಿಲ್ಲಿಸಿ ಪೂಜೆ ಮಾಡಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದೆವು. ಮುಂದಿನ ಗಾಜಿನ ಕೆಳಗೆ ಸಣ್ಣ ಹನುಮಪ್ಪನನ್ನು ಅಂಟಿಸಿ ಅಜ್ಜ ನನಗೆ, "ದೇವರು ಕುಂತಾನ, ಚಪ್ಪಲಿ ಹಾಕ್ಕೊಂಡು ಹತ್ತಬ್ಯಾಡ" ಎಂದರು. ಅವರು ಮಾತ್ರ ಬೂಟು ಹಾಕಿಕೊಂಡೇ ಹೊಡೆಯುತ್ತಿದ್ದರು. ಕೇಳಿದರೆ, "ಬ್ರೇಕ್ ತುಳಿಯಾಂವಗ ಮಾಫಿ ಐತಿ" ಎಂದು ನಗುತ್ತಿದ್ದರು. ಅವರು ಹೋದ ಮೇಲೂ ನಾನು ಆ ರೂಢಿ ಬಿಡಲಿಲ್ಲ. ಚಪ್ಪಲಿ ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡು, ಹಿಂದಿನ ಸೀಟಿನ ಎಡಬದಿಗೆ ಬರಿಗಾಲಲ್ಲಿ ಕೂರುತ್ತೇನೆ.

ಅಜ್ಜ ತೀರಿಕೊಂಡ ಮೇಲೆ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ನಿಮ್ಮಪ್ಪ ಕುಷ್ಟಗಿಯೊಳಗಿನ ಕಚೇರಿಗೆ ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದ. ನಿಮ್ಮವ್ವನಿಗೆ ಹನುಮಸಾಗರದ ಕಡೆ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಕೆಲಸದ ವೇಳೆಗೂ ಬಸ್ಸಿನ ವೇಳೆಗೂ ಕೂಡಿಬರುತ್ತಿರಲಿಲ್ಲ. ಆದ್ದರಿಂದ ಕಾರು ಹೊಡೆಯುವುದನ್ನು ಕಲಿತಳು. ಮೊದಲ ದಿನ ಒಬ್ಬಳೇ ಹೋಗಿ ಬಂದವಳು ಕೀಲಿಯನ್ನು ಮೊಳೆಗೆ ಹಾಕದೆ ಅಡುಗೆಮನೆವರೆಗೂ ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು.

ಆ ವರ್ಷ ಶೀಗಿ ಹುಣ್ಣಿಮೆಗೆ ತಳಕಲ್ ಕಡೆಯ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋದೆವು. ಬೆಳೆದು ನಿಂತ ಪೈರಿಗೆ ನಾವು ಉಣ್ಣುವ ಅಡುಗೆಯನ್ನೇ ಎಡೆ ಚೆಲ್ಲಿ ಬರುವುದು ನಿಮಗೂ ಗೊತ್ತಲ್ಲ. ಹಿಂದಿನ ದಿನ ಮಳೆಯಾಗಿತ್ತು. "ಯವ್ವನ ಮೊಣಕಾಲು ನೋವು, ಬದುವಿನ ತನಕ ಒಯ್ಯೋಣು" ಎಂದು ನಿಮ್ಮಪ್ಪ ಕಾರನ್ನು ಹೊಲದೊಳಗೇ ಇಳಿಸಿದ. ಎರೆಮಣ್ಣು ಹಿಡಿದರೆ ಬಿಡುತ್ತದೆಯೇ? ಕಡೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರಿನಿಂದ ಎಳೆಸಿದೆವು. ಮನೆಗೆ ಬಂದ ಮೇಲೆ ನಿಮ್ಮಪ್ಪ ನೀರು ಎರಚಿ ತೊಳೆದ. ದೀಪಾವಳಿ ಅಮಾವಾಸ್ಯೆಗೆ ಮತ್ತೆ ತೊಳೆದು ವಿಭೂತಿ ಹಚ್ಚಿ ಕಾಯಿ ಒಡೆದ. ಹೊರಗಿನಿಂದ ನೋಡಿದರೆ ಗಾಲಿಗಳು ಕನ್ನಡಿಯ ಹಾಗಿದ್ದವು.

ಅದಾದ ಮೇಲೆ ಕಾರಿಗೆ ಎರಡು ಬೇನೆ ಹತ್ತಿದವು. ದೊಡ್ಡ ರಸ್ತೆಯಲ್ಲಿ ಜೋರಾಗಿ ಹೋದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು, ನಿಧಾನಕ್ಕೆ ಹೋದರೆ ಏನೂ ಇಲ್ಲ. ಇನ್ನೊಂದು, ವೇಗ ತಗ್ಗಿಸಲು ರಸ್ತೆಗೆ ಅಡ್ಡ ಹಾಕುವ ಹಂಪಿನ ಹತ್ತಿರ ಮುಂದಿನಿಂದ ಟಕ್ ಎಂಬ ಸಪ್ಪಳ. ನಿಮ್ಮಪ್ಪ, "ಹಂಪ್ ಬಂದ್ರ ಹಾರಸ್ತಾಳ, ತಗ್ಗ ಕಂಡ್ರ ಇಳಸ್ತಾಳ, ಗಾಡಿ ಉಳಿತದೇನು?" ಎನ್ನುತ್ತಿದ್ದ. ನಿಮ್ಮವ್ವ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ನಿಮ್ಮಪ್ಪ ಒಬ್ಬನೇ ಕಾರನ್ನು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿಗೆ ಒಯ್ದ. ಅಲ್ಲಿಯ ಮಿಸ್ತ್ರಿ ಅಜ್ಜನ ಕಾಲದಿಂದಲೂ ಈ ಗಾಡಿ ಬಲ್ಲವರು. ಇಬ್ಬರೂ ಕೂಡಿ ಪೇಟೆಯಲ್ಲಿ ಒಂದು ಸುತ್ತು ಹೊಡೆದರಂತೆ, ಸಪ್ಪಳ ಬರಲೇ ಇಲ್ಲ. ಅಂದಾಜಿನ ಮೇಲೆ ಲಿಂಕ್ ರಾಡ್ ಎಂಬ ಸಣ್ಣ ಸಾಮಾನು ಬದಲಿಸಿ ಕಳಿಸಿದರು. ಮರುದಿನ ಮತ್ತೆ ಟಕ್. ಅಂದು ಊಟಕ್ಕೆ ಕೂತಾಗ ನಿಮ್ಮಪ್ಪ, "ಮಿಸ್ತ್ರಿ ಕೈಯಾಗ ಸುಮ್ಮನಿರ್ತೈತಿ, ನಿನ್ನ ಕೈಯಾಗ ಒದರ್ತೈತಿ. ಮುಂದಿನ ತಿಂಗಳಿಂದ ಕೀಲಿ ನನ್ನ ಕಡೆ ಇರಲಿ. ನೀ ಬಸ್ಸಿಗೆ ಹೋಗು" ಎಂದ.

"ಬಸ್ಸಿಗೆ ಹೋಗು ಅಂದ್ರ ಕೆಲಸ ಬಿಡು ಅಂದಂಗ" ಎಂದಳು ನಿಮ್ಮವ್ವ. ಅವನು ಉಣ್ಣುತ್ತಲೇ ಇದ್ದ. ಅವಳು ಎದ್ದುಹೋದಳು.

ನಿಮ್ಮಪ್ಪ ಕೆಟ್ಟವನಲ್ಲ, ಮಕ್ಕಳೇ. ತಂದೆಯ ಕಾರು ಮುರಿದುಹೋದರೆ ತಂದೆಯೇ ಮತ್ತೊಮ್ಮೆ ಹೋದಂತೆ ಎಂಬ ಅಂಜಿಕೆ ಅವನಿಗಿತ್ತು. ಅದನ್ನು ಬಾಯಲ್ಲಿ ಹೇಳಲು ಬಾರದೆ ಸಿಟ್ಟು ಮಾಡುತ್ತಿದ್ದ.

ತಿಂಗಳು ಮುಗಿಯುವ ಮೊದಲು ನನ್ನ ಕಣ್ಣು ತೋರಿಸಲು ಕೊಪ್ಪಳಕ್ಕೆ ಹೋಗಿದ್ದೆವು. ನಿಮ್ಮಿಬ್ಬರನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಬರುವಾಗ ನಿಮ್ಮಪ್ಪನೇ ಹೊಡೆಯುತ್ತಿದ್ದ, ನಿಮ್ಮವ್ವ ನನ್ನ ಪಕ್ಕದಲ್ಲಿದ್ದಳು. ದಾರಿಯುದ್ದಕ್ಕೂ ಸ್ಟೇರಿಂಗ್ ನಡುಗಿತು. ಕುಷ್ಟಗಿಯ ಹತ್ತಿರ ಹಂಪ್ ಬಂತೆಂದು ಅವನು ಬ್ರೇಕ್ ತುಳಿದಾಗ ಟಕ್ ಎಂದಿತು. ಅವನ ಕೈಯಲ್ಲೂ! ನಿಮ್ಮವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ. ಅವನು ಸೀದಾ ಗ್ಯಾರೇಜಿಗೇ ತಿರುಗಿಸಿದ.

"ಪೂರಾ ಕೆಡಿಸಿ ಇಟ್ಟಾಳ್ರೀ. ಶಾಕ್‌ಅಪ್ಪೇ ಹೋಗ್ಯಾವೇನೋ ನೋಡ್ರಿ" ಎಂದ ಮಿಸ್ತ್ರಿಗೆ.

ಗಾಡಿಯ ಕುಲುಕಾಟ ತಡೆಯುವ ಆ ಶಾಕ್‌ಅಪ್ ಪರೀಕ್ಷಿಸಲು ಮಿಸ್ತ್ರಿ ಕಾರಿನ ಮುಂಭಾಗವನ್ನು ಒತ್ತಿ ಒತ್ತಿ ಬಿಟ್ಟು ನೋಡಿದರು. "ಕುಣ್ಯಾಕತ್ತಿಲ್ರೀ ಸರ, ಶಾಕ್‌ಅಪ್ ಛಲೋ ಅದಾವ. ಸಪ್ಪಳ ಯಾವಾಗ ಬರ್ತೈತಿ?"

"ಹಂಪ್ ಹಾರಿಸಿದಾಗ."

ಅದು ಸುಳ್ಳು. ನನ್ನ ಅಂಗಾಲಿಗೆ ಗೊತ್ತಿತ್ತು. ನಿಮ್ಮವ್ವ ನನ್ನ ಮುಖ ನೋಡಿದಳು. ಕೈಚೀಲದೊಳಗಿನ ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನು ಬಾಯಿಬಿಟ್ಟೆ. "ಹಾರಿಸಿದಾಗ ಅಲ್ರೀ. ಹಂಪಿಗಿಂತ ಮೊದಲು. ಬ್ರೇಕ್ ತುಳದಾಗ ಒಮ್ಮೆ ಟಕ್ ಅಂತೈತಿ, ಬಿಟ್ಟಾಗ ಇನ್ನೊಮ್ಮೆ. ಎಡಕ್ಕ. ಬರಿಗಾಲಿಗೆ ತಿಳಿತೈತಿ. ಯಾರು ಹೊಡದ್ರೂ ಹಂಗ ಅಂತೈತಿ."

ನಿಮ್ಮಪ್ಪ ಹಿಂತಿರುಗಿ ನನ್ನನ್ನೇ ನೋಡಿದ. ಕಾರು ಮಾತಾಡಿದ್ದರೂ ಅವನಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ.

"ಬರ್ರಿ ಅವ್ವಾರ, ಮುಂದ ಕುಂದರ್ರಿ, ಒಂದು ಸುತ್ತು ಹೋಗಿ ಬರೋಣು" ಎಂದರು ಮಿಸ್ತ್ರಿ. ಮುಂದಿನ ಸೀಟಿನಲ್ಲಿ ಅಂದಿನವರೆಗೆ ನಾನು ಕೂತವಳಲ್ಲ. ನಿಮ್ಮವ್ವ ನನ್ನ ಬೆನ್ನಿಗೆ ಕೈ ಇಟ್ಟು, "ಕುಂದರ್ರಿ ಅತ್ತಿ, ನಾನೂ ಹಿಂದ ಬರ್ತೀನಿ" ಎಂದಳು. ಮಿಸ್ತ್ರಿ ತಮ್ಮ ಚಪ್ಪಲಿಯನ್ನೂ ಕಳಚಿಟ್ಟು ಹತ್ತಿದರು. ಹಂಪಿನ ಹತ್ತಿರ ಬ್ರೇಕ್ ತುಳಿದರು, ಬಿಟ್ಟರು, ಮತ್ತೆ ತುಳಿದರು. ನಾನು ಪ್ರತಿ ಸಲವೂ "ಹಾಂ" ಎಂದೆ. "ಹೌದ್ರೀ ಅವ್ವಾರ" ಎಂದರು ಅವರು. "ಅವತ್ತು ನಾ ಹಂಪ್ ಹಾರಿಸಿ ನೋಡಿದ್ದೆ, ಬ್ರೇಕ್ ತುಳದು ನೋಡಲಿಲ್ಲ. ತಪ್ಪಾತು."

ಬಂದವರೇ ಕಾರಿಗೆ ಜಾಕ್ ಕೊಟ್ಟು ಮುಂದಿನ ಎಡಗಾಲಿ ಬಿಚ್ಚಿದರು. ಗಾಲಿಯನ್ನು ಹಿಡಿದು ನಿಲ್ಲಿಸುವ ಕೈಯಂಥ ಒಂದು ಕಬ್ಬಿಣ ಇರುತ್ತದೆ, ಲೋಯರ್ ಆರ್ಮ್ ಎನ್ನುತ್ತಾರೆ. ಅದು ಕೂಡುವಲ್ಲಿ ರಬ್ಬರಿನ ಬುಶ್ ಇರುತ್ತದೆ. ಉದ್ದನೆಯ ಹಾರೆಯಿಂದ ಮೀಟಿದಾಗ ಆ ರಬ್ಬರು ಒಣರೊಟ್ಟಿಯ ಹಾಗೆ ಬಿರುಕು ಬಿಟ್ಟಿರುವುದು ಕಂಡಿತು. ಬ್ರೇಕ್ ತುಳಿದಾಗಲೆಲ್ಲ ಕಬ್ಬಿಣ ಹಿಂದಕ್ಕೆ ಸರಿದು ಬಡಿಯುತ್ತಿತ್ತು. "ಇದು ವಯಸ್ಸಾಗಿ ಹೋಗಿದ್ದು. ಯಾರು ಹೊಡದ್ರೂ ಹೋಗೋದ" ಎಂದರು.

ನಿಮ್ಮಪ್ಪ ಬಿಡಲಿಲ್ಲ. "ಮತ್ತ ಆ ನಡುಕ? ಅದು ಯಾರು ಮಾಡಿದ್ದು?"

ಮಿಸ್ತ್ರಿ ಬಿಚ್ಚಿಟ್ಟ ಗಾಲಿಯನ್ನು ಮಗುಚಿ ಹಾಕಿದರು. ಒಳಬದಿಯಲ್ಲಿ ಒಂದೇ ಕಡೆಗೆ ಹಸ್ತದಗಲ ಕರಿಮಣ್ಣು ಕಲ್ಲಾಗಿ ಕೂತಿತ್ತು. ಅದರೊಳಗೆ ನಮ್ಮ ಹೊಲದ ತೊಗರಿಯ ಒಣ ಎಲೆಗಳಿದ್ದವು. ಒಂದು ಕಡೆ ಭಾರವಾದರೆ ಜೋರಾಗಿ ತಿರುಗುವ ಗಾಲಿ ನಡುಗದೆ ಇರುತ್ತದೆಯೇ?

"ಹೊಲಾ ಹೊತ್ಕೊಂಡು ತಿರಗ್ಯಾಡಾಕತ್ತೀರಲ್ರೀ ಸರ!" ಎಂದು ಮಿಸ್ತ್ರಿ ನಕ್ಕರು. "ಗಾಡಿ ಇಳಿಸಿದ ಪುಣ್ಯಾತ್ಮರು ಯಾರು?"

ನಿಮ್ಮಪ್ಪ ಕೆಳಗೆ ಕೂತು, ಮಿಸ್ತ್ರಿಯ ಸ್ಕ್ರೂಡ್ರೈವರ್ ಇಸಿದುಕೊಂಡು ತಾನೇ ಮಣ್ಣು ಕೆದರತೊಡಗಿದ. ಬಲಗಾಲಿಯನ್ನೂ ಬಿಚ್ಚಿಸಿ ನೋಡಿದ. ಅಲ್ಲಿಯೂ ಸ್ವಲ್ಪ ಇತ್ತು. ಆರ್ಮ್ ಬದಲಿಸಿ, ಟೈರ್ ಅಂಗಡಿಯಲ್ಲಿ ಗಾಲಿಗಳ ತೂಕವನ್ನೂ ದಿಕ್ಕನ್ನೂ ಸರಿಮಾಡಿಸಿ ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಿಮ್ಮಪ್ಪ ಕೀಲಿಯನ್ನು ನಿಮ್ಮವ್ವನ ಮುಂದೆ ಹಿಡಿದ.

"ನೀನ ಹೊಡಿ."

"ನಾಳೆ ಮತ್ತ ಸಪ್ಪಳ ಬಂದ್ರ ಯಾರ ಮ್ಯಾಲ ಹಾಕ್ತೀರಿ?"

"ಹೊಲದ ಮ್ಯಾಲ ಹಾಕ್ತೀನಿ, ಹತ್ತು ಮಾರಾಯ್ತಿ."

ಅವಳು ದೊಡ್ಡ ರಸ್ತೆಗೆ ಇಳಿಸಿ ಜೋರಾಗಿಯೇ ಹೊಡೆದಳು. ಸ್ಟೇರಿಂಗ್ ನಡುಗಲಿಲ್ಲ. ಹಂಪಿನ ಹತ್ತಿರ ಬ್ರೇಕ್ ತುಳಿಯುವಾಗ ನಾನು ಅಂಗಾಲನ್ನು ನೆಲಕ್ಕೆ ಒತ್ತಿ ಕಾದೆ. ಪಕ್ಕಕ್ಕೆ ನೋಡಿದರೆ ಹಿಂದಿನ ಸೀಟಿನಲ್ಲಿ ನನ್ನ ಜೊತೆಗಿದ್ದ ನಿಮ್ಮಪ್ಪನೂ ಬೂಟು ಬಿಚ್ಚಿ, ಪಾದ ಊರಿ ಕೂತಿದ್ದ. ಇಬ್ಬರಿಗೂ ಏನೂ ಕೇಳಲಿಲ್ಲ.

ಆ ಕಾರು ಇನ್ನೆಷ್ಟು ಕಾಲ ಓಡುತ್ತದೆಯೋ ಗೊತ್ತಿಲ್ಲ. ನೀವು ಓದಿದ ಮೇಲೆ ಈ ಹಾಳೆಗಳನ್ನು ಅದರ ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ, ಗಾಡಿಯ ಕಾಗದಗಳ ಕೆಳಗೆ ಇಡುತ್ತೇನೆ. ಮುಂದೆ ಎಂದಾದರೂ ಕಾರನ್ನು ಮಾರಿಬಿಟ್ಟರೆ ಮೊದಲು ಇವನ್ನು ಹೊರಗೆ ತೆಗೆದುಕೊಳ್ಳಿರಿ. ನಿಮ್ಮವ್ವನ ಕಡೆ ಹಳೆಯ ರೇಷ್ಮೆ ಸೀರೆಯ ಗಂಟು ಇದೆ, ಅದರ ಮಡಿಕೆಯೊಳಗೆ ನೀರು ತಾಗದ ಹಾಗೆ ಜೋಪಾನವಾಗಿ ಇಡಿರಿ.