ಕೂಗಿಗೊಂದು ಹುಣಸೆ ಬೀಜ

ಕಳೆದ ತಿಂಗಳು ಹರಿಹರದ ನಮ್ಮ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದ ಮೂಲೆಯಿಂದ ಒಂದು ರಟ್ಟಿನ ಡಬ್ಬ ಕೆಳಗಿಳಿಯಿತು. ಬಣ್ಣ ಹೊಡೆಯುವವನು ಅದನ್ನು ಹಳೇ ಪೇಪರಿನ ರಾಶಿಗೆ ಎಸೆಯುವವನಿದ್ದ. ಹೊರಗಿನ ಚಿತ್ರ ನೋಡಿ ತಡೆದೆ. ಮುಚ್ಚಳ ತೆಗೆದರೆ ಕರ್ಪೂರದ ವಾಸನೆ ಬಂತು... ಅಥವಾ ಬಂದ ಹಾಗಾಯಿತು. ಇಷ್ಟು ವರ್ಷ ಯಾವ ಕರ್ಪೂರ ತಾನೇ ಉಳಿದೀತು? ಒಳಗೆ ಥರ್ಮಕೋಲಿನ ನಡುವೆ ಒಂದು ಮೋಡೆಮ್. ಫೋನಿನ ತಂತಿಗೂ ಕಂಪ್ಯೂಟರಿಗೂ ನಡುವೆ ಕೂತು ಇಂಟರ್‌ನೆಟ್ ತರುತ್ತಿದ್ದ ಹಳೇ ಕಾಲದ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಆ ಮೂರು ಬೆರಳು ಯಾರವೆಂದು ನನಗೆ ಗೊತ್ತು.

ಶತಮಾನ ಮುಗಿಯಲು ಒಂದೋ ಎರಡೋ ವರ್ಷ ಇತ್ತು. ನಾನು ಡಿಪ್ಲೊಮಾ ಮುಗಿಸಿ ದಾವಣಗೆರೆಯ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದ್ದೆ. ಬೆಳಗ್ಗೆ ಹರಿಹರದಿಂದ ಬಸ್ಸು ಹತ್ತಿದರೆ ಸಂಜೆ ವಾಪಸ್. ಮನೆಮನೆಗೆ ಹೋಗಿ ಇಂಟರ್‌ನೆಟ್ ಹಾಕಿಕೊಡುವುದು ನನ್ನ ಕೆಲಸ. ಮೋಡೆಮ್ ಜೋಡಿಸಬೇಕು, ಸಿ.ಡಿ. ಹಾಕಬೇಕು, ಡಯಲ್ ಮಾಡುವ ತಂತ್ರಾಂಶ ತುಂಬಬೇಕು, ಲಕೋಟೆಯಲ್ಲಿ ಬಂದ ಹೆಸರು, ಗುಟ್ಟಿನ ಪದ ಬರೆಯಬೇಕು. ಆಮೇಲೆ 'ಕನೆಕ್ಟ್' ಒತ್ತಿ ದೇವರ ಮೇಲೆ ಭಾರ ಹಾಕಬೇಕು.

ಹಾಗೆ ಹೋದ ಮನೆಗಳಲ್ಲಿ ಒಂದು ಅಕ್ಕಿ ಗಿರಣಿಯ ಸಾವ್ಕಾರರದು. ಗಿರಣಿ ಬಾತಿ ದಾರಿಯಲ್ಲಿ, ಮನೆ ಊರೊಳಗೆ. ಬೀಗರ ಮನೆಗೆ ಇಂಟರ್‌ನೆಟ್ ಬಂದಿದೆ ಎಂದು ಕೇಳಿ ಇವರೂ ಹಾಕಿಸಿದರು. ಪಡಸಾಲೆಯಲ್ಲಿ, ದೇವರ ಕೋಣೆಯ ಎದುರಿಗೇ ಕಂಪ್ಯೂಟರ್. ಅದರ ಹತ್ತಿರ ಬರುವವರು ಚಪ್ಪಲಿ ಬಿಟ್ಟು ಬರಬೇಕು. ನಾನೂ ಬಿಟ್ಟೆ. ಅದರ ಮುಂದೆ ಕೂತು ಕೆಲಸ ಮಾಡುವವರು ಸಾವ್ಕಾರರ ತಂಗಿ. ಬಿ.ಎಸ್ಸಿ. ಓದಿದವರು, ಗಣಿತದಲ್ಲಿ ಗಟ್ಟಿಗರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆ ಬಿಟ್ಟು ಬಂದು, ಆಗ ಆರನೇ ವರ್ಷ ನಡೆಯುತ್ತಿತ್ತು. ನನಗಿಂತ ದೊಡ್ಡವರಾದ್ದರಿಂದ ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ.

ಗುಟ್ಟಿನ ಪದ ಬರೆಯುವಾಗ ತೆರೆಯ ಮೇಲೆ ಚುಕ್ಕಿಗಳು ಮೂಡಿದವು. ಹಿಂದೆ ನಿಂತಿದ್ದ ಸಾವ್ಕಾರರು ಕೇಳಿದರು:

"ಅದ್ಯಾಕ ತಮ್ಮಾ ಚುಕ್ಕಿ ಬರ್ತಾವು?"

"ಯಾರಿಗೂ ಕಾಣಬಾರದು ಅಂತರೀ."

"ನಮ್ಮ ಮನ್ಯಾಗೆ ನಮಗೇ ಕಾಣಬಾರದೇನು? ಚಲೋ ಆತಿದು!"

ಎಲ್ಲರೂ ನಕ್ಕೆವು. ಅಕ್ಕಾರೂ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ ಎಂದು ಈಗ ಅನಿಸುತ್ತದೆ.

ಮೋಡೆಮ್ ಸಂಪರ್ಕ ಹಿಡಿಯುವಾಗಿನ ಕೂಗು ಈಗಿನವರಿಗೆ ಗೊತ್ತಿಲ್ಲ. ಮೊದಲು ಡಯಲ್ ಟೋನ್, ಆಮೇಲೆ ನಂಬರ್ ಒತ್ತಿದ ಸದ್ದು, ಆಮೇಲೆ ಬೆಕ್ಕುಗಳೆರಡು ಪಾತ್ರೆ ಅಂಗಡಿಯಲ್ಲಿ ಜಗಳಕ್ಕೆ ಬಿದ್ದ ಹಾಗೆ ಕಿರ್ರೋ ಎಂದು ಕಿರುಚಾಟ, ಕೊನೆಗೆ ತಟ್ಟನೆ ಮೌನ. ಮೌನ ಬಂತೆಂದರೆ ಇಂಟರ್‌ನೆಟ್ ಬಂತು. ಕೂಗು ಕೇಳಿ ಸಾವ್ಕಾರರಿಗೆ ಬಹಳ ಸಂತೋಷವಾಯಿತು.

"ಇದನ್ನ ಇನ್ನಾ ಜೋರು ಮಾಡಕೆ ಬರ್ತೈತಾ?"

"ಬರ್ತೈತ್ರಿ."

"ಮಾಡು ಹಂಗಾದ್ರೆ. ಅವ್ವಗ ಕಿವಿ ಮಂದ. ಯಾರು ಯಾವಾಗ ಹಚ್ಚಿದ್ರು ಅಂತ ಮನೀಗೆಲ್ಲ ಗೊತ್ತಾಗ್ಲಿ."

ಗಿರಾಕಿ ಹೇಳಿದ ಮೇಲೆ ಮುಗಿಯಿತು. ಕಂಪ್ಯೂಟರಿನ ಒಳಗೆ ನಾಲ್ಕು ಬಾಗಿಲು ದಾಟಿ ಹೋದರೆ ಧ್ವನಿ ಏರಿಸುವ ಇಳಿಸುವ ಒಂದು ಸಣ್ಣ ಪಟ್ಟಿ ಇರುತ್ತಿತ್ತು. ಅದನ್ನು ತುದಿಗೆ ಎಳೆದೆ. ಮೋಡೆಮ್ ಬಂದ ಡಬ್ಬ, ಅದನ್ನು ಬಳಸುವ ಬಗೆ ಹೇಳುವ ಪುಸ್ತಕ ಎಲ್ಲವನ್ನೂ ಸಾವ್ಕಾರರು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಲೆಬಾಳುವ ವಸ್ತುಗಳ ಡಬ್ಬಗಳೆಲ್ಲ ಆ ಕಾಲದಲ್ಲಿ ಸೀರೆ ಬಂಗಾರದ ಜೊತೆಯೇ ಇರುತ್ತಿದ್ದವು.

ಎರಡು ವಾರದ ಮೇಲೆ ಲೈನ್ ನೋಡಲು ಹೋದಾಗ ಅವರ ತಾಯಿ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಚೌಕಾಬಾರ ಆಡುವ ಹುಣಸೆ ಬೀಜದ ಡಬ್ಬಿ, ಒಂದು ಹಿತ್ತಾಳೆ ಬಟ್ಟಲು. ನಾನು ಕನೆಕ್ಟ್ ಒತ್ತಿ ಮೋಡೆಮ್ ಕಿರುಚಿಕೊಂಡಾಗ ಮುದುಕಮ್ಮ ಒಂದು ಬೀಜ ತೆಗೆದು ಬಟ್ಟಲಿಗೆ ಹಾಕಿದರು.

"ಅದೇನ್ರಿ ಅವ್ವಾರೆ?"

"ಲೆಕ್ಕ ತಮ್ಮಾ. ಒಂದು ಕೂಗಿಗೆ ಒಂದು ಬೀಜ. ಸಂಜೀಕೆ ಅಂವ ಬಂದು ನೋಡ್ತಾನೆ."

ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಗೆಳೆಯರಿಗೆಲ್ಲ ಹೇಳಿಕೊಂಡು ನಕ್ಕೆ. ನಗುವ ವಿಷಯವಲ್ಲ ಎಂದು ತಿಳಿಯಲು ಇನ್ನೂ ಕೆಲವು ಸಲ ಆ ಮನೆಗೆ ಹೋಗಬೇಕಾಯಿತು.

ದಿನಕ್ಕೆ ಒಂದು ಬೀಜ, ಅದು ಮನೆಯ ಕಟ್ಟಳೆ. ಸಂಜೆ ಸಾವ್ಕಾರರು ಗಿರಣಿಯಿಂದ ಬಂದು ಹಿಂದೆ ನಿಂತಾಗ ಅಕ್ಕಾರು ಒಮ್ಮೆ ಸಂಪರ್ಕ ಹಿಡಿಯಬೇಕು. ವ್ಯಾಪಾರಸ್ಥರಿಂದ ಬಂದ ಇಂಗ್ಲಿಷ್ ಪತ್ರಗಳನ್ನು ಓದಿ ಕನ್ನಡದಲ್ಲಿ ಹೇಳಬೇಕು, ಅಣ್ಣ ಹೇಳಿದ ಉತ್ತರ ಬರೆಯಬೇಕು, ಬಂದ್ ಮಾಡಬೇಕು. ಲೈನ್ ಕಟ್ಟಾಗಿ ಎರಡನೇ ಸಲ ಹಚ್ಚಿದರೆ ಎರಡು ಬೀಜ. "ಎರಡನೇದು ಯಾಕ?" ಎಂಬ ಪ್ರಶ್ನೆ. ಅಕ್ಕಾರ ಹೆಸರಿಗೆ ಬರುವ ಅಂಚೆಯೂ ಮೊದಲು ಅಣ್ಣನ ಕೈಯಲ್ಲೇ ಒಡೆಯುತ್ತಿತ್ತು. ಬೇರೆ ಊರಿಗೆ ಕರೆ ಹೋಗದಂತೆ ಫೋನಿಗೆ ಎಸ್.ಟಿ.ಡಿ. ಬೀಗ. ಬಸವಣ್ಣನ ಗುಡಿಗೆ ಹೋಗಬೇಕಾದರೂ ಜೊತೆಗೆ ತಾಯಿ. ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸೀರೆ, ಊಟ, ಹಬ್ಬ ಯಾವುದಕ್ಕೂ ಕೊರತೆಯಿರಲಿಲ್ಲ. ನಮ್ಮಜ್ಜಿ ಇದ್ದಿದ್ದರೆ ತುಂಬಿದ ಮನೆ ಎನ್ನುತ್ತಿದ್ದಳು... ಆ ತುಂಬಿದ ಮನೆಯಲ್ಲಿ ಅಕ್ಕಾರಿಗೆ ಉಸಿರಾಡಲು ಇದ್ದದ್ದು ದಿನಕ್ಕೊಂದು ಬೀಜದಷ್ಟು ಜಾಗ.

ಒಂದು ಸಲ ಅವ್ವಾರು ಎದ್ದು ಹಿತ್ತಲಿಗೆ ಹೋದಾಗ ಅಕ್ಕಾರು ಬಾಗಿಲ ಕಡೆ ನೋಡುತ್ತಲೇ ಕೇಳಿದರು:

"ಈ ಕೂಗು ಸಣ್ಣದು ಮಾಡಕ್ಕೆ ಬರ್ತೈತೇನ್ರಿ?"

ಬರುತ್ತಿತ್ತು. ಪಟ್ಟಿಯನ್ನು ಇನ್ನೊಂದು ತುದಿಗೆ ಎಳೆದರೆ ಪೂರ್ತಿ ಮೂಕ. ಆದರೆ ಸಾವ್ಕಾರರು ನಮ್ಮ ಅಂಗಡಿಗೆ ದೊಡ್ಡ ಗಿರಾಕಿ. ಗಿರಣಿಗೆ ಇನ್ನೂ ಎರಡು ಕಂಪ್ಯೂಟರ್ ಹಾಕಿಸುವ ಮಾತಾಗಿತ್ತು. ನಾನು ಹೇಳಿದೆ:

"ಇಲ್ರಿ ಅಕ್ಕಾರೆ. ಆ ಮಷೀನು ಹುಟ್ಟಿದ್ದೇ ಹಂಗೆ."

"ಹೌದಾ," ಎಂದರು. ಅಷ್ಟೇ.

ಆ ವರ್ಷದ ಆಯುಧ ಪೂಜೆಯ ದಿನ ಸಾವ್ಕಾರರು ನನ್ನನ್ನು ಕರೆದಿದ್ದರು. ಮಷೀನು ಕೂರಿಸಿಕೊಟ್ಟವನು ಪ್ರಸಾದ ತಗೊಂಡು ಹೋಗಬೇಕೆಂದು. ಮಧ್ಯಾಹ್ನ ಹೋದೆ. ಕಂಪ್ಯೂಟರಿಗೆ ಚೆಂಡು ಹೂವಿನ ಹಾರ, ಕೀಲಿಮಣೆಗೆ ಕುಂಕುಮ, ಮೋಡೆಮ್ಮಿನ ನೆತ್ತಿಗೆ ಮೂರು ಬೆರಳಿನ ವಿಭೂತಿ. ಮನೆಯ ಪೂಜೆ ಅಕ್ಕಾರೇ ಮಾಡಿದ್ದರು. ಸಾವ್ಕಾರರು ಗಿರಣಿಯ ಪೂಜೆಗೆ ಹೋಗಿದ್ದರು. ಪೂಜೆಗೆ ಕೂತ ಯಂತ್ರವನ್ನು ಮರುದಿನದವರೆಗೆ ಯಾರೂ ನಡೆಸಬಾರದು. ನಮ್ಮ ಕಡೆ ಹೊಲಿಗೆ ಯಂತ್ರದಿಂದ ಲಾರಿಯವರೆಗೆ ಎಲ್ಲಕ್ಕೂ ಅದೇ ನೇಮ.

ಬಾಳೆ ಎಲೆಯ ಮೇಲೆ ಕೋಸಂಬರಿ, ಹೋಳಿಗೆ ಬಡಿಸಿ ಅಕ್ಕಾರು ನನ್ನೆದುರು ನಿಂತರು. ಮಂಚದ ಮೇಲೆ ಅವ್ವಾರು ಇದ್ದರು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೇರವಾಗಿ ಹೇಳಿದರು:

"ಪುಣೆ ಕಡೆ ಒಂದು ವಸತಿ ಶಾಲೆ ಐತ್ರಿ. ಗಣಿತ, ಕಂಪ್ಯೂಟರ್ ಕಲಿಸಕ್ಕೆ ನನ್ನ ಕರದಾರೆ. ಇರಕ್ಕೆ ಅಲ್ಲೇ ಕೋಣೆ ಕೊಡ್ತಾರಂತೆ. ಫೋನ್ ನಂಬರ್ ಕೊಟ್ಟಿಲ್ಲ, ಬರ್ತೀನಿ ಅಂತ ಇವತ್ತೇ ಇಂಟರ್‌ನೆಟ್ಟಿನಾಗೆ ಬರೀಬೇಕು. ಇವತ್ತು ಬಿಟ್ರೆ ಬೇರೆಯವರನ್ನ ತಗೋತಾರೆ."

ಆಮೇಲೆ ಬಿಡಿಬಿಡಿಯಾಗಿ ತಿಳಿಯಿತು. ಸಂಜೆಯ ಆ ಒಂದು ಸಂಪರ್ಕದಲ್ಲಿ ಅಣ್ಣ ಚಹಾ ಲೋಟಕ್ಕೆ ತಿರುಗಿದಾಗಿನ ಎರಡೆರಡು ನಿಮಿಷಗಳಲ್ಲಿ, ಎಷ್ಟೋ ತಿಂಗಳು ಹೆಣೆದು, ಅರ್ಜಿ ಕಳಿಸಿದ್ದರು. ಉತ್ತರ ಬಂದು ನಾಲ್ಕು ದಿನವಾಗಿತ್ತು. ಲೈನ್ ಕೆಟ್ಟಿದ್ದರಿಂದ ಕಂಡಿದ್ದು ಹಿಂದಿನ ಸಂಜೆ. ಬೆನ್ನ ಹಿಂದೆ ಅಣ್ಣ ನಿಂತಿದ್ದ. ಕಣ್ಣು ಶಾಲೆಯ ಪತ್ರ ಓದುತ್ತಿದ್ದರೆ ಬಾಯಿ ಅಕ್ಕಿಯ ಧಾರಣೆ ಹೇಳಿತ್ತಂತೆ. ಉತ್ತರ ಬರೆಯುವಷ್ಟರಲ್ಲಿ ಅಣ್ಣ, "ಬಂದ್ ಮಾಡು, ಫೋನ್ ಬರೋದೈತೆ" ಎಂದಿದ್ದ.

ನಮ್ಮ ಅಂಗಡಿಯಿಂದ ಕಳಿಸಬಹುದೇ ಎಂದು ಯೋಚಿಸಿದೆ. ಅದೂ ಪೂಜೆಗೆ ಕೂತಿತ್ತು, ಮಾಲೀಕರು ಬೀಗ ಹಾಕಿಕೊಂಡು ಊರಿಗೆ ಹೋಗಿದ್ದರು. ಅವತ್ತು ದಾವಣಗೆರೆಯ ಕಂಪ್ಯೂಟರುಗಳೆಲ್ಲ ಹಾರ ಹಾಕಿಕೊಂಡು ಕಣ್ಣು ಮುಚ್ಚಿದ್ದವು.

"ಕೂಗು ಒಂದು ನಿಲ್ಸಿಕೊಡ್ರಿ," ಎಂದರು ಅಕ್ಕಾರು. "ಏನಾರ ದಾರಿ ಇರ್ತೈತೆ. ಉಳಿದಿದ್ದು ನಾ ನೋಡ್ಕೋತೀನಿ."

ಆಗಲಾದರೂ ಹೇಳಬಹುದಿತ್ತು. ಎಲೆಯ ಮುಂದಿನಿಂದ ಎದ್ದು, ಕೈ ತೊಳೆದು, ನಾಲ್ಕು ಬಾಗಿಲು ದಾಟಿ ಆ ಪಟ್ಟಿಯನ್ನು ಎಳೆದರೆ ಅರ್ಧ ನಿಮಿಷದ ಕೆಲಸ. ಆದರೆ ಮೊದಲು ಸುಳ್ಳು ಹೇಳಿದ್ದೆ, ಅದು ಬಯಲಾಗುತ್ತಿತ್ತು. ಪೂಜೆಗೆ ಕೂತ ಯಂತ್ರಕ್ಕೆ ಕೈ ಹಾಕಲು ಜೀವ ಹಿಂಜರಿಯಿತು. ಎಲ್ಲಕ್ಕಿಂತ ಮೇಲೆ ಸಾವ್ಕಾರರ ಭಯ.

"ಹೇಳಿದ್ನಲ್ರಿ ಅಕ್ಕಾರೆ... ಅದು ಆಗೋದಿಲ್ಲ," ಎಂದೆ.

ಅವರು ಕಂಪ್ಯೂಟರಿನ ಹತ್ತಿರ ಹೋದರು. ಆಮೇಲೆ ಹಾರ ಬಿಚ್ಚಿ, ಬಾಡದ ಹಾಗೆ ತಟ್ಟೆಯಲ್ಲಿಟ್ಟು ಕಂಪ್ಯೂಟರ್ ಹಚ್ಚಿದರು. ಕನೆಕ್ಟ್ ಒತ್ತಿದರು. ಮೋಡೆಮ್ ಇಡೀ ಓಣಿಗೆ ಕೇಳುವಂತೆ ಕಿರುಚಿತು, ಸಂಪರ್ಕ ಸಿಗದೆ ನಿಂತಿತು. ಮಂಚದಿಂದ ಟಣ್ ಎಂದು ಸದ್ದು. ಹಿತ್ತಾಳೆ ಬಟ್ಟಲಿಗೆ ಒಂದು ಬೀಜ ಬಿದ್ದಿತ್ತು.

ಎರಡನೇ ಸಲ. ಕೂಗು, ಮತ್ತೆ ಸೋಲು. ಟಣ್.

ಮೂರನೇ ಸಲ ಕೂಗು ಉದ್ದಕ್ಕೆ ಎಳೆಯಿತು. ನಾನು ಹೋಳಿಗೆಯ ತುಂಡು ಕೈಯಲ್ಲಿ ಹಿಡಿದುಕೊಂಡು ಮೌನ ಬರಲೆಂದು ಕಾಯುತ್ತಿದ್ದೆ. ಬರಲಿಲ್ಲ. ಲೈನ್ ಕಟ್ಟಾಯಿತು. ಅವ್ವಾರು ಮೂರನೇ ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ಕೂತರು.

"ಸಾಕು ಏಳು ನನ್ನವ್ವ," ಎಂದರು. "ಬ್ಯಾರೆ ದಿನ ಆಗಿದ್ರೆ ಒಂದು ಬೀಜ ಮರತಿದ್ದೆ ಅಂತಿದ್ದೆ. ಹಬ್ಬದ ದಿನ ನನ್ನ ಬಾಯಾಗೆ ಸುಳ್ಳು ಹೇಳಿಸಬ್ಯಾಡ."

ಟಣ್.

ಕೂಗಿಲ್ಲದಿದ್ದರೆ ಇಪ್ಪತ್ತು ಸಲ ಒತ್ತಬಹುದಿತ್ತು. ಇಪ್ಪತ್ತರಲ್ಲಿ ಒಂದಾದರೂ ಹತ್ತುತ್ತಿತ್ತು. ಅಕ್ಕಾರು ತಾಯಿಯ ಮುಖ ನೋಡಿದರು, ಬಟ್ಟಲು ನೋಡಿದರು. ಬಂದ್ ಮಾಡಿ ಹಾರವನ್ನು ಮೊದಲಿದ್ದ ಹಾಗೇ ಹಾಕಿದರು. ನನ್ನ ಎಲೆಯ ಕಡೆ ತಿರುಗಿ, "ಇನ್ನೊಂದು ಹಾಕ್ಲೇನ್ರಿ?" ಎಂದು ಕೇಳಿದರು.

ಹಬ್ಬ ಮುಗಿದು ಅಂಗಡಿ ತೆಗೆದ ದಿನವೇ ಫೋನ್ ಬಂತು. ಸಾವ್ಕಾರರು ಜಗಳವಾಡಲಿಲ್ಲ, ದನಿಯನ್ನೂ ಎತ್ತಲಿಲ್ಲ. "ಪೂಜೆಗೆ ಕೂತಿದ್ದನ್ನ ಎಬ್ಬಿಸ್ಯಾರೆ. ನಮ್ಮ ಮನೀಗೆ ಇದು ಒಗ್ಗಂಗಿಲ್ಲ ತಮ್ಮಾ, ತಗೊಂಡು ಹೋಗು," ಎಂದರು. ನಾನು ಮನೆಗೆ ಹೋದಾಗ ಬೀರು ತೆಗೆದು ಡಬ್ಬವನ್ನು ತಂಗಿಯ ಕೈಗೆ ಕೊಟ್ಟು, "ಸರಿಯಾಗಿ ಇಟ್ಟು ಕೊಡು," ಎಂದರು. ಅಕ್ಕಾರು ಡಬ್ಬ, ಮೋಡೆಮ್ ಹಿಡಿದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಅಳುತ್ತಿರಬಹುದು ಅಂದುಕೊಂಡೆ. ಹೊರಗೆ ಬಂದಾಗ ಕಣ್ಣು ಒಣಗಿದ್ದವು.

"ಎಲ್ಲಾ ಐತೆ. ತಗದು ನೋಡ್ಕೋರಿ," ಎಂದರು.

"ಅಯ್ಯೋ, ನೋಡೋದೇನೈತೆ ಬಿಡ್ರಿ ಅಕ್ಕಾರೆ," ಎಂದೆ.

ವಿಭೂತಿ ಹಚ್ಚಿದ ಮಾಲು ಮತ್ತೆ ಮಾರಲು ಬರುವುದಿಲ್ಲವೆಂದು ಮಾಲೀಕರು ಅದನ್ನು ನನಗೇ ಕೊಟ್ಟರು. ಅದು ಅಟ್ಟ ಸೇರಿತು.

ಎಷ್ಟೋ ವರ್ಷಗಳ ಮೇಲೆ ಒಂದು ಸಲ ಅಕ್ಕಾರು ಹರಿಹರದ ಗುಡಿಯಲ್ಲಿ ಸಿಕ್ಕಿದ್ದರು. ಅಣ್ಣನ ಮನೆಯವರ ಜೊತೆ ಬಂದಿದ್ದರು, ಕೂದಲು ನೆರೆತಿತ್ತು. ಅವ್ವಾರು ಅಷ್ಟರಲ್ಲಿ ತೀರಿಕೊಂಡಿದ್ದರು. ಗರುಡಗಂಬದ ಹತ್ತಿರ ನಿಂತು, "ಚಲೋ ಇದೀರಾ?" ಎಂದು ಕೇಳಿದರು. ಆಮೇಲೆ ಎಲ್ಲೋ ನೋಡುತ್ತಾ, "ಈಗ ಕೂಗೇ ಇಲ್ಲದಂಗೆ ಬರ್ತೈತಂತಲ್ರಿ ಇಂಟರ್‌ನೆಟ್ಟು?" ಎಂದರು. ಹೌದೆಂದು ತಲೆಯಾಡಿಸಿದೆ. ಸುಮ್ಮನೆ ಕೇಳಿದ್ದಾರೆ ಎಂದು ನಂಬಿದೆ. ನಂಬುವುದು ಅನುಕೂಲವಾಗಿತ್ತು. ಮೂರು ವರ್ಷದ ಕೆಳಗೆ ಅವರೂ ಹೋದರಂತೆ, ಅದೇ ಮನೆಯಲ್ಲಿ.

ಮೊನ್ನೆ ಮೋಡೆಮ್ ಎತ್ತಿದಾಗ ಅದರ ಕೆಳಗೆ ಪುಸ್ತಕ ಇತ್ತು. ಪುಟಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಒಂದು ಪುಟದ ಮೂಲೆಯನ್ನು ಒಪ್ಪವಾಗಿ ಒಳಕ್ಕೆ ಮಡಚಿದ್ದರು. ತೆಗೆದೆ. ಕಂಪ್ಯೂಟರಿನ ಕಿಟಕಿಯ ಚಿತ್ರ, ಅದರೊಳಗೆ ಧ್ವನಿ ಏರಿಸುವ ಇಳಿಸುವ ಆ ಸಣ್ಣ ಪಟ್ಟಿ. ಪೂರ್ತಿ ನಿಲ್ಲಿಸುವುದು ಹೇಗೆ ಎಂದು ಹೇಳುವ ಸಾಲಿನ ಕೆಳಗೆ, ಪೆನ್ನಿನದಲ್ಲ, ಉಗುರಿನ ಗೆರೆ.

ನೋಡ್ಕೋರಿ ಅಂದಿದ್ದರು... ನಾನು ನೋಡಿರಲಿಲ್ಲ. ಹಾಗಾದರೆ ಗುಡಿಯಲ್ಲಿ ಆ ಮಾತು ಕೇಳಿದಾಗ ಅವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮೊದಲು, ಚಲೋ ಇದೀರಾ ಎಂದು ಕೇಳಿದ್ದರು.

"ಅಣ್ಣಾ, ಇದು ಗುಜರಿಗೆ ಹಾಕೋದಾ?" ಬಣ್ಣದವನು ಏಣಿಯ ಮೇಲಿಂದ ಕೇಳಿದ.

ಬ್ಯಾಡ ಎಂದೆ. ಮಡಚಿದ ಮೂಲೆಯನ್ನು ಬೆರಳಿನಿಂದ ನೇರ ಮಾಡಲು ಹೋದೆ. ಕಾಗದ ಒಣಗಿಹೋಗಿತ್ತು, ಇನ್ನೊಂದು ಚೂರು ಒತ್ತಿದರೆ ಮುರಿಯುತ್ತಿತ್ತು. ಅವರು ಮಡಚಿದ ಹಾಗೇ ಬಿಟ್ಟು ಪುಸ್ತಕ ಮುಚ್ಚಿದೆ.