ಅಗಳಿನ ಆಚೆ ಒಂದು ಪಾಳಿ

ಕೊಪ್ಪದ ಪಕ್ಕದ ನಾರ್ವೆ ಎಂಬ ಹಳ್ಳಿಯ ಚೇತನಾಳ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತು ಕಡಿಮೆ. ಕೊಪ್ಪದ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ, ಮದುವೆಯ ಮಾತೆತ್ತಿದವರಿಗೆ ಉರಿನೋಟ, ಮಿಕ್ಕ ಹೊತ್ತೆಲ್ಲ ಲ್ಯಾಪ್‌ಟಾಪ್. ಅದರಲ್ಲಿ ಏನು ಮಾಡುತ್ತೀ ಎಂದು ಕೇಳಿದರೆ, "ಹೇಳಿದ್ರೆ ಅರ್ಥ ಆಗುತ್ತಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ಸೊಕ್ಕು ಎನ್ನುತ್ತಾರೆ ಜನ. ಸೊಕ್ಕೇ ಹೌದು. ಅದರಿಂದ ಏನು ಉಪಯೋಗ ಎಂಬ ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿಸಿಕೊಂಡವಳಿಗೆ ಸೊಕ್ಕು ಬರದೆ ಇನ್ನೇನು ಬಂದೀತು?

ಅವಳು ಅಭ್ಯಾಸ ಮಾಡುವುದು ಮಿತಿಮೀರಿ ಪ್ರೋಟಾನ್ ತುಂಬಿಕೊಂಡ ನ್ಯೂಕ್ಲಿಯಸ್‌ಗಳನ್ನು. ಪ್ರೋಟಾನಿಗೆ ಪ್ರೋಟಾನ್ ಕಂಡರಾಗದು, ದೂರ ತಳ್ಳುತ್ತದೆ. ನಡುವೆ ಸಾಕಷ್ಟು ನ್ಯೂಟ್ರಾನ್ ಇದ್ದರೆ ಹೇಗೋ ಒಟ್ಟಿಗಿರುತ್ತವೆ. ಇಲ್ಲದಿದ್ದರೆ ಆ ನ್ಯೂಕ್ಲಿಯಸ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಒಂದೆರಡು ಪ್ರೋಟಾನನ್ನು ಹೊರಗೆಸೆದು ಬೇರೆಯೇ ಆಗಿಬಿಡುತ್ತದೆ. ಅಂಥದ್ದನ್ನು ಹುಟ್ಟಿಸುವ ಯಂತ್ರ ಇರುವುದು ಪರದೇಶದಲ್ಲಿ. ಅಲ್ಲಿ ಕೆಲಸ ಕಲಿತು ಬಂದ ಚೇತನಾಳಿಗೆ ಈಗ ಉಳಿದ ನಂಟು ಒಂದೇ, ಪ್ರಯೋಗದ ದಿನಗಳಲ್ಲಿ ಮನೆಯಿಂದ ಪಾಳಿ ಕಾಯುವುದು. ಪ್ರೋಟಾನ್ ಹಾರಿದ ಗೆರೆ ಮೂಡುವುದು ಅನಿಲ ತುಂಬಿದ ಪೆಟ್ಟಿಗೆಯಲ್ಲಿ. ಅನಿಲದ ಒತ್ತಡ ಇಳಿದರೆ ಗೆರೆ ಕಾಣದು. ಅವಳು ಒತ್ತಡವನ್ನು ಪರದೆಯ ಮೇಲೆ ನೋಡುತ್ತಿದ್ದು, ಇಳಿದ ಕೂಡಲೇ ಅಲ್ಲಿಗೆ ಫೋನ್ ಮಾಡಬೇಕು. ಹೋದ ವರ್ಷ ಇಂಟರ್ನೆಟ್ ಕೈಕೊಟ್ಟು ಪಾಳಿ ತಪ್ಪಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ತಂಡದವರು ಬಹಳ ನಯವಾಗಿ ಹೇಳಿದ್ದರು.

ಆ ಇಂಟರ್ನೆಟ್ಟಿನ ಕೇಬಲ್ ಬರುವುದು ದೊಡ್ಡಪ್ಪನ ಮಗ ಪ್ರಕಾಶನ ಸಿಲ್ವರ್ ಓಕ್ ಮರಗಳ ಮೇಲೆ. ಅವನಿಗೂ ಅವಳ ಅಪ್ಪ ದೇವಪ್ಪನಿಗೂ ಎರಡು ತೋಟಗಳ ಗಡಿಯ ಕಂದಕದ, ಅಂದರೆ ಅಗಳಿನ, ತಗಾದೆ. ಅಗಳು ತೋಡಿಸಿದ್ದು ನನ್ನ ಜಾಗದಲ್ಲಿ ಎಂದು ದೇವಪ್ಪ, ನನ್ನ ಜಾಗ ತಿಂದಿದ್ದೀಯ, ಮುಚ್ಚು ಎಂದು ಪ್ರಕಾಶ. ಪಂಚಾಯಿತಿಗೆ ಕೂತ ಹಿರಿಯರಿಗೂ ಸಾಕುಸಾಕಾಗಿ, ಯಾರು ಮೊದಲು ಇನ್ನೊಬ್ಬರ ಮನೆಯ ನೀರು ಕುಡಿಯುತ್ತಾರೋ ಅವರು ಅಗಳು ಬಿಟ್ಟುಕೊಟ್ಟಂತೆ ಎಂದು ಹೇಳಿ ಎದ್ದುಹೋಗಿದ್ದರು. ಅಲ್ಲಿಂದೀಚೆಗೆ ಎರಡು ಮನೆಯವರೂ ಆಚೆಮನೆಯ ನೀರು ಮುಟ್ಟಿಲ್ಲ. ದೊಡ್ಡಪ್ಪ ತೀರಿಕೊಂಡಾಗಲೂ ದೇವಪ್ಪ ಒಣಬಾಯಲ್ಲೇ ವಾಪಸು ಬಂದಿದ್ದ.

ಫೆಬ್ರವರಿಯ ಪಾಳಿಯ ದಿನ ಬೆಳಿಗ್ಗೆ ಕೇಬಲ್ ನೆಲದ ಮೇಲೆ ಬಿದ್ದಿತ್ತು. ಮೆಣಸು ಕೊಯ್ಯುವ ಏಣಿ ತಾಗಿತು ಎಂದು ಪ್ರಕಾಶ ಹೇಳಿಕಳಿಸಿದ. ಹಸಿ ಸುಳ್ಳು, ಕತ್ತಿಯ ಕಡಿತ ಎದ್ದು ಕಾಣುತ್ತಿತ್ತು. ಕೇಬಲಿನವನು ನಾಳೆ ಬರುತ್ತೇನೆಂದ. ಮೊಬೈಲ್ ಸಿಗ್ನಲ್ ಮಾತಿಗಷ್ಟೇ ಸಾಕು. ಚೇತನಾ ಲ್ಯಾಪ್‌ಟಾಪ್ ಎತ್ತಿಕೊಂಡು ಅಗಳು ದಾಟಿ, ಪ್ರಕಾಶನ ಜಗಲಿ ಹತ್ತಿ, ಗೋಡೆಯ ಮೇಲಿದ್ದ ಅವನ ಇಂಟರ್ನೆಟ್ ಪೆಟ್ಟಿಗೆಗೇ ತಂತಿ ಚುಚ್ಚಿದಳು.

"ಯಾರನ್ನ ಕೇಳಿ ಕೂತೆ?"

"ನೀನು ಯಾರನ್ನ ಕೇಳಿ ಕಡಿದೆ?"

ಅಂಗಳದಲ್ಲಿ ಮೆಣಸು ಬಿಡಿಸುತ್ತಿದ್ದ ಆಳುಗಳು ಕೈ ನಿಲ್ಲಿಸಿ ನೋಡುತ್ತಿದ್ದರು. ಅವರೆದುರು ಚಿಕ್ಕಪ್ಪನ ಮಗಳ ರಟ್ಟೆ ಹಿಡಿದು ಹೊರಗೆಳೆಯಲು ಅವನಿಗೆ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಹೆಂಡತಿ ಕಾವ್ಯಳ ಮೇಲೆ ರೇಗಿದ.

ಮಧ್ಯಾಹ್ನ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇತ್ತು, ಗೋಡೆಯ ಪೆಟ್ಟಿಗೆ ಮಾತ್ರ ಸತ್ತಿತ್ತು. ಅಲ್ಲಿ ಒತ್ತಡ ಎಷ್ಟಿದೆಯೋ ತಿಳಿಯುವಂತಿಲ್ಲ. ಲೈನ್ ಹೋಗಿದೆ ಎಂದು ಫೋನ್ ಮಾಡಿದರೆ ಇದ್ದೊಂದು ನಂಟೂ ಅಲ್ಲಿಗೆ ಮುಗಿಯಿತು. ಪ್ರಕಾಶ ಇನ್ವರ್ಟರಿನ ಪಕ್ಕ ಬಂದು ನಿಂತ. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದರಲ್ಲಿ ನೀರಿನ ಚೊಂಬು.

"ಕುಡಿ ಮಾರಾಯ್ತಿ, ಬಾಯಾರಿರ್ಬೇಕು. ಆಮೇಲೆ ಹಾಕ್ತೀನಿ."

"ನಾಚಿಕೆ ಆಗಲ್ವಾ ನಿಂಗೆ?"

"ಹುಟ್ಟಿದ ಕೂಡ್ಲೆ ಸಾಯೋ ವಸ್ತುಗೋಸ್ಕರ ನನ್ನ ಜಗಲಿ ಹತ್ತಿದೀಯಲ್ಲ, ನಿಂಗಾಗುತ್ತಾ?"

ಅಷ್ಟು ದ್ವೇಷ ಅವಳಿಗೆ ಯಾರ ಮೇಲೂ ಹುಟ್ಟಿರಲಿಲ್ಲ. ಚೊಂಬು ಕಿತ್ತುಕೊಂಡು, ಆಳುಗಳೆಲ್ಲ ನೋಡುತ್ತಿದ್ದಂತೆ ಗಟಗಟ ಕುಡಿದಳು. ಅವನು ಸ್ವಿಚ್ ಹಾಕಿದ. ಪರದೆಗೆ ಜೀವ ಬಂದಾಗ ಒತ್ತಡ ಇಳಿಯುತ್ತಿತ್ತು. ಫೋನ್ ಮಾಡಿದಳು, ಅಲ್ಲಿ ಯಾರೋ ಓಡಿಹೋಗಿ ಸೋರುತ್ತಿದ್ದ ಕೊಳವೆ ಬಿಗಿ ಮಾಡಿದರು. ಸಂಜೆಯೊಳಗೆ ಒಂದು ಚಿತ್ರ ಬಂತು. ಒಂದೇ ಬಿಂದುವಿನಿಂದ ಎರಡು ಗೆರೆ, ಎರಡು ಪ್ರೋಟಾನ್ ಒಟ್ಟಿಗೇ ಹಾರಿದ್ದವು. ವರ್ಷಗಟ್ಟಲೆ ಲೆಕ್ಕದಲ್ಲಿ ಮಾತ್ರ ಕಂಡಿದ್ದನ್ನು ಈಗ ಕಣ್ಣಾರೆ ನೋಡಿ ಅವಳಿಗೆ ಅಳು ಬಂತು. ಪ್ರಕಾಶನೆದುರು ಅಳಬಾರದೆಂದು ತುಟಿ ಕಚ್ಚಿ ಹಿಡಿದಳು.

"ಅಗಳು ಮುಚ್ಚೋಕೆ ನಾಳೆ ಜೆಸಿಬಿ ತರಿಸ್ತೀನಿ, ನಿಮ್ಮಪ್ಪಂಗೆ ಹೇಳು," ಎಂದ ಅವನು.

ಹೇಳುವ ಕೆಲಸವನ್ನು ಆಳುಗಳು ಆಗಲೇ ಮುಗಿಸಿದ್ದರು. ಅವಳು ಮನೆಗೆ ಬಂದಾಗ ದೇವಪ್ಪ ಬಾಗಿಲಲ್ಲೇ ಕೂತಿದ್ದ. ಅಗಳಿಗಾಗಿ ಅಣ್ಣನನ್ನೇ ಕಳೆದುಕೊಂಡಿದ್ದ ಮನುಷ್ಯ. ಆ ಮುಖ ನೋಡಿ ಚೇತನಾಳಿಗೆ ಸಂಕಟವಾಯಿತು. ಪಶ್ಚಾತ್ತಾಪ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಅವರ ಮನೆ ನೀರು ಸಿಹಿಯಾಗಿತ್ತಾ?" ಎಂದು ಕೇಳಿದ ದೇವಪ್ಪ.

"ಇತ್ತು ಅಪ್ಪಯ್ಯ. ನಾಳೆನೂ ಪಾಳಿ ಇದೆ. ನಾಳೆನೂ ಕುಡೀತೀನಿ."