ಫೋನಿನಲ್ಲಿ ಪಾಸಾದ ಮೆಟ್ರಿಕ್

ಗೆಳೆಯರೇ, ಇವತ್ತು ನಾನು ಹೈಸ್ಕೂಲಿಗೆ ಹೋಗದೆಯೇ ಮೆಟ್ರಿಕ್ ಪಾಸಾದೆ. ನಮ್ಮ ಇಂಡಿ ಪಟ್ಟಣದ ಗೊಬ್ಬರದ ಗೋದಾಮಿಗೆ ಹಮಾಲರನ್ನು ಆರಿಸುವುದು ಮುಂಬಯಿಯ ಕಂಪ್ಯೂಟರಂತೆ. ಕೆಲಸ ಕೇಳಲು ಹೋದ ನಾನು ಅದಕ್ಕೆ ನೇರವಾಗಿ ಹೇಳುವಂತಿಲ್ಲ. ಇಂಡಿ ಗೋದಾಮಿನ ಗುಮಾಸ್ತ ಫೋನಿನಲ್ಲಿ ವಿಜಾಪುರಕ್ಕೆ ಹೇಳಬೇಕು, ವಿಜಾಪುರದವನು ಮುಂಬಯಿಗೆ.

ಎಷ್ಟನೇ ತರಗತಿಯವರೆಗೆ ಓದಿದ್ದೀ ಎಂದಾಗ “ಏಳನೆತ್ತಿ ನಾಪಾಸ್” ಎಂದೆ. ನಮ್ಮ ಗುಮಾಸ್ತ ಮರುಕದಿಂದ “ಏಳನೆತ್ತಿ ಪಾಸ್” ಎಂದ. ವಿಜಾಪುರದವನ ಮರುಕ ಇನ್ನೂ ದೊಡ್ಡದು. ಸಂಜೆ ಮುಂಬಯಿಯಿಂದ ಉತ್ತರ ಬಂತು: ಮೆಟ್ರಿಕ್ ಆದವನಿಗೆ ಹಮಾಲಿ ಕೆಲಸವಿಲ್ಲ.

“ನಾ ಹೇಳಿದ್ದನ್ನ ಹಂಗ ಮುಂದ ಹೇಳಾಕ ಏನಾಗಿತ್ರಿ?” ಎಂದು ನಮ್ಮ ಗುಮಾಸ್ತನನ್ನು ಕೇಳಿದೆ.

“ತಮ್ಮಾ, ನಿನ್ನ ಮರ್ಯಾದಿ ಉಳಿಸೇವಿ.”

“ಹಂಗಾರ ಈಗ ತಿದ್ದಸ್ರಿ.”

“ಕಂಪ್ಯೂಟರ್ ಒಮ್ಮಿ ಮೆಟ್ರಿಕ್ ಅಂತಂದ್ರ ಮುಗೀತು. ಅದು ಸುಳ್ಳು ಹೇಳೂದಿಲ್ಲ.”

ಹೌದು, ಸುಳ್ಳು ಹೇಳಲು ನಡುವೆ ಇವರಿದ್ದಾರಲ್ಲ. ಇವರು ಉಳಿಸಿಕೊಟ್ಟ ಮರ್ಯಾದೆಯನ್ನು ರೊಟ್ಟಿಗೆ ಹಚ್ಚಿಕೊಂಡು ಉಣ್ಣೋಣವೆಂದರೆ, ಮನೆಯಲ್ಲಿ ರೊಟ್ಟಿಯೇ ಇಲ್ಲ.